ಹೊಂಬೆನ್ನಿನ ಮರಕುಟಿಗ

ಹಕ್ಕಿಗಳ ವಿಷಯ ತಿಳಿಯಬೇಕಾದರೆ ಕಾಡಿಗೆ ಹೋಗಬೇಕು, ದುರ್ಬೀನು ಕೊಳ್ಳಬೇಕು, ಇಂಗ್ಲಿಷಿನ ದಪ್ಪ ಗ್ರಂಥಗಳನ್ನು ಓದಬೇಕು ಎಂದು ಭಾವಿಸಿದವರು ನಮ್ಮ ವಾಚಕರಲ್ಲಿ ಬಹಳ ಮಂದಿ ಉಂಟು. ಪಾಳಿ ಮುಗಿಸಿ ಖೋಲಿಗೆ ಬಂದು ಬೀಳುವ ನಮ್ಮಂಥವರಿಗೆ ಇವೆಲ್ಲ ಎಲ್ಲಿಯ ಮಾತು ಎನ್ನುವವರೂ ಉಂಟು. ಆದರೆ ಕೆಲವು ಹಕ್ಕಿಗಳು ತಾವಾಗಿಯೇ ನಮ್ಮ ಬಾಗಿಲಿಗೆ ಬರುತ್ತವೆ. ಅವನ್ನು ನೋಡಲು ಖರ್ಚೇನೂ ಇಲ್ಲ. ಬೆಳಿಗ್ಗೆ ಒಂದು ಗಳಿಗೆ ತಲೆ ಎತ್ತಿ ನೋಡುವ ಮನಸ್ಸಿದ್ದರೆ ಸಾಕು. ಅಂಥ ಒಂದು ಹಕ್ಕಿಯ ಪರಿಚಯವನ್ನು ಈ ಪಾಠದಲ್ಲಿ ಮಾಡಿಕೊಡುತ್ತೇವೆ. ಅದೇ ಹೊಂಬೆನ್ನಿನ ಮರಕುಟಿಗ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಈ ಐದು ಊರುಗಳಲ್ಲಿಯೂ ಇದು ಇದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಇದೆ, ನಮ್ಮ ಹಳ್ಳಿಗಳ ಮಾವಿನ ತೋಪಿನಲ್ಲಿಯೂ ಇದೆ. ಹೀಗಾಗಿ ಊರು ಬಿಟ್ಟು ಬಂದ ಕನ್ನಡಿಗನಿಗೆ ಇದು ಹೊಸ ಪರಿಚಯವಲ್ಲ. ಮರೆತುಹೋದ ಹಳೆಯ ಪರಿಚಯ ಎಂದರೆ ಸರಿಯಾದೀತು.

ಹೆಸರು ಮತ್ತು ಕುಲ

ಮರವನ್ನು ಕುಟುಕುವುದರಿಂದ ಕನ್ನಡದಲ್ಲಿ ಇದಕ್ಕೆ ಮರಕುಟಿಗ ಎಂದು ಹೆಸರು. ಕೆಲವೆಡೆ ಮರಕುಟುಕ ಎಂದೂ ಅನ್ನುತ್ತಾರೆ. ನಮ್ಮ ನೆರೆಯವರು ಏನೆನ್ನುತ್ತಾರೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು, ಕೇಳಿ ತಿಳಿಯಲು ಅನುಕೂಲವಾಗುತ್ತದೆ. ಮರಾಠಿಯಲ್ಲಿ ಮರಕುಟಿಗಕ್ಕೆ ಸುತಾರ, ಎಂದರೆ ಬಡಗಿ, ಎಂಬ ಹೆಸರು ಉಂಟು. ನಮ್ಮ ಈ ಜಾತಿಗೆ ಸೋನಪಾಠೀ ಸುತಾರ ಎನ್ನುತ್ತಾರೆ. ತೆಲುಗಿನವರೂ ಬಡಗಿಯೆಂಬ ಅರ್ಥದಲ್ಲಿಯೇ ವಡ್ರಂಗಿ ಪಿಟ್ಟ ಎನ್ನುತ್ತಾರೆ. ತಮಿಳಿನಲ್ಲಿ ಮರಂಕೊತ್ತಿ, ಹಿಂದಿಯಲ್ಲಿ ಕಠ್‌ಫೋಡ್ವಾ. ಭಾಷೆ ಬೇರೆಯಾದರೂ ಎಲ್ಲರೂ ನೋಡಿದ್ದು ಒಂದೇ ಕಸಬನ್ನು.

ಜಗತ್ತಿನಲ್ಲಿ ಮರಕುಟಿಗ ಕುಲದ ಹಕ್ಕಿಗಳು ಇನ್ನೂರಕ್ಕೂ ಮಿಕ್ಕಿ ಇವೆ. ಆಸ್ಟ್ರೇಲಿಯಾ, ನ್ಯೂಗಿನಿ, ಮಡಗಾಸ್ಕರ್‌ಗಳಲ್ಲಿ ಮಾತ್ರ ಒಂದೂ ಇಲ್ಲ. ನಮ್ಮ ದೇಶದಲ್ಲಿ ಸುಮಾರು ಮೂವತ್ತು ಜಾತಿಗಳಿವೆ. ಅವುಗಳಲ್ಲಿ ಬಯಲುಸೀಮೆಯ ಜನ ಹೆಚ್ಚಾಗಿ ಕಾಣುವುದು ಹೊಂಬೆನ್ನಿನದನ್ನೇ. ಸ್ವೀಡನ್ ದೇಶದ ಪ್ರಸಿದ್ಧ ಪಂಡಿತ ಕಾರ್ಲ್ ಲಿನೇಯಸ್ 1758ರಲ್ಲಿಯೇ ಇದನ್ನು ತನ್ನ ಜೀವಿಗಳ ಪಟ್ಟಿಯಲ್ಲಿ ಸೇರಿಸಿದನು. ಬಂಗಾಳದ ಹಕ್ಕಿಯೆಂದು ತಿಳಿದು ಹೆಸರಿಟ್ಟದ್ದರಿಂದ ಇದರ ಶಾಸ್ತ್ರೀಯ ನಾಮ ಡೈನೋಪಿಯಮ್ ಬೆಂಗಾಲೆನ್ಸ್ ಎಂದು ಇಂದಿಗೂ ನಡೆದುಬಂದಿದೆ. ವಾಸ್ತವದಲ್ಲಿ ಪಾಕಿಸ್ತಾನದ ಸಿಂಧೂ ಬಯಲಿನಿಂದ ಬಾಂಗ್ಲಾದೇಶದವರೆಗೆ, ಹಿಮಾಲಯದ ಬುಡದಿಂದ ಸಿಂಹಳದ ಉತ್ತರ ಭಾಗದವರೆಗೆ ಇದು ವಾಸವಾಗಿದೆ.

ಈ ಹಕ್ಕಿಯ ಒಂದು ಉಪಜಾತಿ ಪಶ್ಚಿಮ ಘಟ್ಟಗಳ ದಕ್ಷಿಣ ಭಾಗದಲ್ಲಿದೆ. ಅದರ ಬೆನ್ನಿನಲ್ಲಿ ಚಿನ್ನದ ಬಣ್ಣಕ್ಕೆ ತುಸು ಹಸಿರು ಬೆರೆತಿರುತ್ತದೆ. ಅದಕ್ಕೆ ತೆಹಮೀನೆ ಎಂದು ಹೆಸರು. ಮುಂಬಯಿಯಲ್ಲಿ 1896ರಲ್ಲಿ ಹುಟ್ಟಿದ ಪಕ್ಷಿಶಾಸ್ತ್ರಜ್ಞ ಸಾಲೀಂ ಅಲಿಯವರ ಪತ್ನಿ ತೆಹಮೀನಾ ಅವರ ಗೌರವಾರ್ಥವಾಗಿ ಈ ಹೆಸರಿಟ್ಟಿದ್ದಾರೆ. ಸಾಲೀಂ ಅಲಿಯವರು ಹೈದರಾಬಾದು, ತಿರುವಾಂಕೂರು, ಮೈಸೂರು ಸಂಸ್ಥಾನಗಳ ಹಕ್ಕಿಗಳನ್ನೆಲ್ಲ ಸುತ್ತಾಡಿ ಸಮೀಕ್ಷೆ ಮಾಡಿದವರು. 1939ರಲ್ಲಿ ತೀರಿಕೊಳ್ಳುವವರೆಗೆ ಆ ಸುತ್ತಾಟಗಳ ಕಷ್ಟದಲ್ಲಿ ತೆಹಮೀನಾ ಅವರೂ ಪಾಲುಗಾರರಾಗಿದ್ದರು. ಪುಸ್ತಕದ ಮೇಲೆ ಅವರ ಹೆಸರು ಬರಲಿಲ್ಲ, ಹಕ್ಕಿಯ ಮೇಲೆ ಉಳಿದಿದೆ.

ಗುರುತಿಸುವುದು ಹೇಗೆ

ಗಾತ್ರದಲ್ಲಿ ಇದು ಗೊರವಂಕಕ್ಕಿಂತ ದೊಡ್ಡದು, ಕಾಗೆಗಿಂತ ಚಿಕ್ಕದು. ಕೊಕ್ಕಿನ ತುದಿಯಿಂದ ಬಾಲದ ತುದಿಗೆ 26ರಿಂದ 29 ಸೆಂಟಿಮೀಟರು, ನಮ್ಮ ಹಳೆಯ ಅಳತೆಯಲ್ಲಿ ಸುಮಾರು ಹನ್ನೊಂದು ಅಂಗುಲ. ತೂಕ ಸುಮಾರು ನೂರು ಗ್ರಾಮು.

ಬೆನ್ನು ಮತ್ತು ರೆಕ್ಕೆಗಳು ಹೊಳೆಯುವ ಚಿನ್ನದ ಹಳದಿ. ನಡುವಿನ ಹಿಂಭಾಗ ಮತ್ತು ಬಾಲ ಕಪ್ಪು. ಕುತ್ತಿಗೆಯ ಮುಂಭಾಗ ಕಪ್ಪು, ಅದರಲ್ಲಿ ಬಿಳಿಯ ಚುಕ್ಕೆಗಳು. ಎದೆ ಹೊಟ್ಟೆಗಳು ಬಿಳಿ, ಮೇಲೆ ಮೀನಿನ ಪೊರೆಯಂತೆ ಕಪ್ಪು ಗೆರೆಗಳು. ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ ಒಂದುಂಟು. ತಲೆಯ ಮೇಲೆ ಕೆಂಪು ಜುಟ್ಟು.

ಗಂಡು ಹೆಣ್ಣುಗಳನ್ನು ಈ ಜುಟ್ಟಿನಿಂದಲೇ ತಿಳಿಯಬೇಕು. ಗಂಡಿಗೆ ಹಣೆಯಿಂದ ಹಿಂದಲೆಯವರೆಗೂ ಕೆಂಪು. ಹೆಣ್ಣಿಗೆ ಮುಂದಲೆ ಕಪ್ಪು, ಅದರಲ್ಲಿ ಬಿಳಿಯ ಚುಕ್ಕೆ, ಹಿಂದಲೆ ಮಾತ್ರ ಕೆಂಪು. ಮರಿಗಳು ಹೆಣ್ಣಿನಂತೆಯೇ ಇದ್ದು ಬಣ್ಣ ಮಾಸಲಾಗಿರುತ್ತದೆ.

ಚಿನ್ನದ ಬೆನ್ನಿನ ಮರಕುಟಿಗಗಳು ಬೇರೆಯೂ ಇವೆ. ಘಟ್ಟದ ಕಾಡುಗಳಲ್ಲಿರುವ ದೊಡ್ಡ ಹೊಂಬೆನ್ನಿನದಕ್ಕೆ ನಡುವಿನ ಹಿಂಭಾಗ ಕೆಂಪು. ನಮ್ಮದಕ್ಕೆ ಅದೇ ಜಾಗ ಕಪ್ಪು, ಕುತ್ತಿಗೆಯೂ ಕಪ್ಪು. ಈ ಎರಡು ಗುರುತುಗಳನ್ನು ನೆನಪಿಟ್ಟರೆ ತಪ್ಪಾಗುವುದಿಲ್ಲ.

ಇನ್ನೆರಡು ಹಕ್ಕಿಗಳನ್ನು ಜನರು ಮರಕುಟಿಗವೆಂದು ಭ್ರಮಿಸುವುದುಂಟು. ಒಂದು ಚಂದ್ರಮುಕುಟ. ಇದು ಹುಲ್ಲಿನ ಮೇಲೆ ನಡೆದಾಡುತ್ತ, ಬಾಗಿದ ಉದ್ದ ಕೊಕ್ಕಿನಿಂದ ನೆಲವನ್ನು ಚುಚ್ಚುತ್ತಿರುತ್ತದೆ. ತಲೆಯ ಮೇಲಿನ ತುರಾಯಿಯನ್ನು ಬೀಸಣಿಗೆಯಂತೆ ಬಿಡಿಸುತ್ತದೆ. ಅದು ಬೇರೆಯೇ ಕುಲ. ಇನ್ನೊಂದು ಕಂಚುಗಾರ ಹಕ್ಕಿ. ಬೇಸಗೆಯ ಮಧ್ಯಾಹ್ನ ತಾಮ್ರದ ಪಾತ್ರೆಯನ್ನು ಬಡಿದಂತೆ ಟೊಂಕ್ ಟೊಂಕ್ ಎಂದು ಒಂದೇ ಸಮನೆ ಕೇಳುವುದು ಇದರ ಸದ್ದು. ಅದು ಗಂಟಲಿನ ಕೂಗು, ಕೊಕ್ಕಿನ ಬಡಿತವಲ್ಲ. ಹಕ್ಕಿಯೂ ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಮೈ ಹಸಿರು, ಹಣೆ ಕೆಂಪು.

ಕಸಬಿಗೆ ತಕ್ಕ ಹತಾರ

ಬಡಗಿಗೆ ಉಳಿ, ಕೊಡತಿಗಳಿರುವಂತೆ ಮರಕುಟಿಗನಿಗೆ ಮೈಯೇ ಹತಾರ. ಒಂದೊಂದಾಗಿ ನೋಡೋಣ.

ಕಾಲು: ಹೆಚ್ಚಿನ ಹಕ್ಕಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಮರಕುಟಿಗನಿಗೆ ಎರಡು ಮುಂದೆ, ಎರಡು ಹಿಂದೆ. ನಮ್ಮ ಈ ಜಾತಿಯಲ್ಲಿ ಹಿಂದಿನ ಎರಡರಲ್ಲಿ ಒಂದು ಬೆರಳು ಬಹಳ ಕಿರಿದು. ಉಗುರುಗಳು ಕೊಕ್ಕೆಯಂತೆ ಬಾಗಿರುವುದರಿಂದ ನೆಟ್ಟಗಿನ ಬೊಡ್ಡೆಯನ್ನೂ ಹಿಡಿದು ನಿಲ್ಲಬಲ್ಲದು.

ಬಾಲ: ಬಾಲದ ಗರಿಗಳ ದಂಟು ಬಿರುಸಾಗಿರುತ್ತದೆ. ಹಕ್ಕಿ ಅದನ್ನು ಮರಕ್ಕೆ ಒತ್ತಿ ಊರಿಕೊಳ್ಳುತ್ತದೆ. ಎರಡು ಕಾಲು, ಒಂದು ಬಾಲ, ಹೀಗೆ ಮುಕ್ಕಾಲಿ ಪೀಠದಂತೆ ಭದ್ರವಾಗುತ್ತದೆ. ಇದರಲ್ಲೊಂದು ವಿಶೇಷವುಂಟು. ಹಕ್ಕಿಗಳು ಹಳೆಯ ಗರಿಗಳನ್ನು ಉದುರಿಸಿ ಹೊಸತನ್ನು ಬೆಳೆಸಿಕೊಳ್ಳುತ್ತವೆಯಷ್ಟೆ. ಮರಕುಟಿಗಗಳು ಬಾಲದ ನಡುವಿನ ಜೊತೆಗರಿಗಳನ್ನು ಎಲ್ಲಕ್ಕಿಂತ ಕೊನೆಗೆ, ಉಳಿದವು ಬೆಳೆದು ಬಲಿತ ಮೇಲೆ, ಉದುರಿಸುತ್ತವೆ. ಊರುಗೋಲಿಲ್ಲದೆ ಒಂದು ದಿನವೂ ಕೆಲಸ ನಡೆಯದಲ್ಲ!

ಕೊಕ್ಕು: ನೇರ, ಗಟ್ಟಿ, ತುದಿ ಚೂಪು. ಮರದ ಹೊಟ್ಟು ಒಳಹೋಗದಂತೆ ಮೂಗಿನ ತೂತುಗಳ ಮೇಲೆ ಕೂದಲಿನಂಥ ಸಣ್ಣ ಗರಿಗಳ ಮುಚ್ಚಳವಿದೆ. ನಮ್ಮ ಹತ್ತಿ ಗಿರಣಿಗಳಲ್ಲಿ ಅರಳೆಯ ಧೂಳಿಗೆ ಮೂಗು ಕಟ್ಟಿಕೊಂಡು ದುಡಿಯುವವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲಗೆ: ಇದು ಎಲ್ಲಕ್ಕಿಂತ ಆಶ್ಚರ್ಯಕರ. ಉದ್ದವಾದ ಈ ನಾಲಗೆ ಕೊಕ್ಕಿನ ಹೊರಗೆ ಬಹುದೂರ ಚಾಚುತ್ತದೆ. ಜೊಲ್ಲು ಅಂಟಂಟು, ತುದಿಯಲ್ಲಿ ಹಿಮ್ಮುಖವಾದ ಮುಳ್ಳುಗಳು. ನಾಲಗೆಗೆ ಆಧಾರವಾದ ಸಣ್ಣ ಎಲುಬುಗಳು ಗಂಟಲಿನಿಂದ ಹೊರಟು, ತಲೆಬುರುಡೆಯ ಹಿಂದಿನಿಂದ ಬಳಸಿ, ನೆತ್ತಿಯ ಮೇಲೆ ಹಾದು ಹಣೆಯ ಕಡೆಗೆ ಬರುತ್ತವೆ. ಸೀಳಿನೊಳಗೆ ಅಡಗಿದ ಹುಳುವನ್ನು ಈ ನಾಲಗೆ ಎಳೆದು ತರುತ್ತದೆ.

ತಲೆ ಏಕೆ ನೋಯುವುದಿಲ್ಲ?

ಇಷ್ಟು ಜೋರಾಗಿ ಮರಕ್ಕೆ ತಲೆ ಬಡಿದರೂ ಮೆದುಳಿಗೆ ಪೆಟ್ಟಾಗದೆ? ಈ ಪ್ರಶ್ನೆಯನ್ನು ಮಕ್ಕಳೂ ಕೇಳುತ್ತಾರೆ. ಕೊಕ್ಕಿಗೂ ಬುರುಡೆಗೂ ನಡುವೆ ಸ್ಪಂಜಿನಂಥ ಎಲುಬು ಇದೆ, ಅದು ಮೆತ್ತೆಯಂತೆ ಪೆಟ್ಟನ್ನು ನುಂಗಿಬಿಡುತ್ತದೆ ಎಂದು ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಈಚೆಗೆ ಈ ಮಾತು ಬದಲಾಗಿದೆ. 2022ರಲ್ಲಿ ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಅವರ ಸಂಗಡಿಗರೂ ಮೂರು ಜಾತಿಯ ಮರಕುಟಿಗಗಳ ಬಡಿತವನ್ನು ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿ ಅಳೆದರು. ಕೊಕ್ಕು ನಿಂತ ಕ್ಷಣದಲ್ಲಿಯೇ ಬುರುಡೆಯೂ ನಿಲ್ಲುತ್ತದೆ, ನಡುವೆ ಮೆತ್ತೆಯ ಕೆಲಸ ನಡೆಯುವುದೇ ಇಲ್ಲ ಎಂದು ಕಂಡುಬಂತು.

ಯೋಚಿಸಿದರೆ ಇದು ಸಹಜವೇ. ಸುತ್ತಿಗೆಯ ಮುಖಕ್ಕೆ ಹತ್ತಿಯ ಗಂಟು ಕಟ್ಟಿ ಮೊಳೆ ಹೊಡೆಯುವ ಬಡಗಿ ಎಲ್ಲಿಯಾದರೂ ಉಂಟೆ? ಪೆಟ್ಟನ್ನು ಮೆತ್ತೆ ನುಂಗಿದರೆ ಮರಕ್ಕೆ ಉಳಿಯುವುದೇನು? ಹಾಗಾದರೆ ಮೆದುಳು ಹೇಗೆ ಉಳಿಯುತ್ತದೆ? ಅದು ಚಿಕ್ಕದಾಗಿರುವುದರಿಂದ. ಒಂದು ಇರುವೆ ಅಟ್ಟದಿಂದ ಬಿದ್ದರೂ ಎದ್ದು ನಡೆಯುತ್ತದೆ, ಮನುಷ್ಯ ಬಿದ್ದರೆ ಎಲುಬು ಮುರಿಯುತ್ತದೆ. ಅದೇ ರೀತಿ, ನಮ್ಮ ದೊಡ್ಡ ಮೆದುಳನ್ನು ಕೆಡಿಸಬಲ್ಲ ಪೆಟ್ಟು ಹಕ್ಕಿಯ ಪುಟ್ಟ ಮೆದುಳನ್ನು ಕೆಡಿಸಲಾರದು. ಅಳತೆ ಮಾಡಿದ ಆ ಮೂರು ಜಾತಿಗಳು ನಮ್ಮ ಹೊಂಬೆನ್ನಿನದಲ್ಲವಾದರೂ, ಈ ನಿಯಮ ಗಾತ್ರಕ್ಕೆ ಸಂಬಂಧಿಸಿದ್ದು.

ಆಹಾರ ಮತ್ತು ನಡತೆ

ಈ ಹಕ್ಕಿಯ ಮುಖ್ಯ ಆಹಾರ ಇರುವೆ. ಇರುವೆಯ ಮೊಟ್ಟೆ ಮರಿಗಳು, ಗೆದ್ದಲು, ತೊಗಟೆಯ ಕೆಳಗಿನ ಜೀರುಂಡೆ ಹುಳುಗಳು ಇವನ್ನೂ ತಿನ್ನುತ್ತದೆ. ಒಮ್ಮೊಮ್ಮೆ ಮಾಗಿದ ಹಣ್ಣಿನ ತಿರುಳನ್ನೂ ಹೂವಿನ ಮಕರಂದವನ್ನೂ ಸವಿಯುತ್ತದೆ. ಇರುವೆಯ ಸಾಲು ಕಂಡರೆ ನೆಲಕ್ಕೂ ಇಳಿಯುತ್ತದೆ.

ಸಾಮಾನ್ಯವಾಗಿ ಜೋಡಿಯಾಗಿ ತಿರುಗುತ್ತವೆ, ಇಲ್ಲವೆ ಬೇರೆ ಚಿಕ್ಕ ಹಕ್ಕಿಗಳ ಗುಂಪಿನೊಡನೆ ಸೇರಿಕೊಳ್ಳುತ್ತವೆ. ಮರದ ಬುಡದ ಹತ್ತಿರ ಬಂದು ಕುಳಿತು, ಕುಪ್ಪಳಿಸುತ್ತ, ಬೊಡ್ಡೆಯನ್ನು ಸುತ್ತಿಕೊಂಡು ಮೇಲೇರುವುದು ವಾಡಿಕೆ. ಇಳಿಯಬೇಕಾದರೆ ತಲೆ ಕೆಳಗೆ ಮಾಡುವುದಿಲ್ಲ, ಬಾಲ ಮುಂದಾಗಿ ಹಿಮ್ಮೆಟ್ಟುತ್ತದೆ. ನೀವು ಹತ್ತಿರ ಹೋದರೆ ತಟ್ಟನೆ ಬೊಡ್ಡೆಯ ಆಚೆ ಸರಿದು, ಒಂದು ಕಣ್ಣಿನಿಂದ ಇಣಿಕಿ ನೋಡುತ್ತದೆ. ಅಟ್ಟಿಸಿಕೊಂಡು ಸುತ್ತು ಬಂದರೆ ಅದೂ ಸುತ್ತು ಬರುತ್ತದೆ. ಸುಮ್ಮನೆ ಒಂದೆಡೆ ನಿಂತರೆ ತಾನಾಗಿಯೇ ಈಚೆಗೆ ಬರುತ್ತದೆ. ಹಾರುವಾಗ ಅಲೆಯಂತೆ ಏರಿಳಿಯುತ್ತ ಹೋಗುತ್ತದೆ. ಹಾರುವಾಗಲೇ ಹೆಚ್ಚಾಗಿ ಕೂಗುತ್ತದೆ. ಕುದುರೆಯ ಕೆನೆತವನ್ನೂ ಕರ್ಕಶವಾದ ನಗುವನ್ನೂ ಬೆರೆಸಿದಂಥ ಆ ಕೂಗನ್ನು ಒಮ್ಮೆ ಗುರುತಿಸಿದವರು ಮುಂದೆ ಮರೆಯುವುದಿಲ್ಲ.

ಮೂರು ಬಗೆಯ ಬಡಿತ

ಮರಕುಟಿಗನ ಬಡಿತವೆಲ್ಲ ಒಂದೇ ಅಲ್ಲ. ಯಂತ್ರದ ಸದ್ದು ಕೇಳಿಯೇ ಎಲ್ಲಿ ದೋಷವಿದೆಯೆಂದು ಹೇಳಬಲ್ಲ ನಮ್ಮ ಕಾರ್ಮಿಕ ಬಂಧುಗಳಿಗೆ ಇದನ್ನು ಬೇರ್ಪಡಿಸುವುದು ಕಷ್ಟವಲ್ಲ.

ಮೊದಲನೆಯದು ಆಹಾರದ ಬಡಿತ. ಎರಡು ಕುಟುಕು, ನಿಲುಗಡೆ, ನಾಲ್ಕು ಕುಟುಕು, ಮತ್ತೆ ನಿಲುಗಡೆ, ಹೀಗೆ ಲೆಕ್ಕವಿಲ್ಲದೆ ನಡೆಯುತ್ತದೆ. ಹಕ್ಕಿ ತೊಗಟೆಯನ್ನು ತಟ್ಟಿ ನೋಡುತ್ತಿದೆ, ಹುಳುವನ್ನು ಹುಡುಕುತ್ತಿದೆ ಎಂದು ತಿಳಿಯಬೇಕು.

ಎರಡನೆಯದು ಗೂಡು ಕೊರೆಯುವ ಬಡಿತ. ಇದು ಒಂದೇ ಜಾಗದಲ್ಲಿ, ಒಂದೇ ಸಮನೆ, ಉಳಿ ಇಟ್ಟು ಕೊಡತಿಯಿಂದ ಹೊಡೆದಂತೆ ಬಹಳ ಹೊತ್ತು ನಡೆಯುತ್ತದೆ. ಮರದ ಬುಡದಲ್ಲಿ ಹೊಸ ಚಕ್ಕೆಗಳು ಬಿದ್ದಿರುತ್ತವೆ.

ಮೂರನೆಯದು ಡೋಲು. ಪೊಳ್ಳಾದ ಒಣಗೊಂಬೆಯನ್ನು ಆರಿಸಿಕೊಂಡು ಅತಿವೇಗವಾಗಿ, ಕುಟುಕು ಕುಟುಕು ಬೇರೆ ಕೇಳದಷ್ಟು ಒತ್ತಾಗಿ, ಒಂದೆರಡು ಕ್ಷಣ ಬಾರಿಸುತ್ತದೆ. ಇದರಲ್ಲಿ ಆಹಾರದ ಪ್ರಶ್ನೆಯಿಲ್ಲ, ಇದು ಮಾತು. ಈ ಸೀಮೆ ನನ್ನದು ಎಂದು ನೆರೆಯವನಿಗೂ, ನಾನಿಲ್ಲಿದ್ದೇನೆ ಎಂದು ಸಂಗಾತಿಗೂ ತಿಳಿಸುವ ಮಾತು. ಹೊಂಬೆನ್ನಿನದು ಡೋಲು ಬಾರಿಸುವುದು ಅಪರೂಪಕ್ಕೆ, ಹೆಚ್ಚಾಗಿ ಕೂಗನ್ನೇ ನೆಚ್ಚಿಕೊಂಡಿದೆ.

ಗೂಡು ಮತ್ತು ಸಂಸಾರ

ಫೆಬ್ರವರಿಯಿಂದ ಜುಲೈವರೆಗೆ, ಆಯಾ ಸೀಮೆಯ ಹವೆಗೆ ತಕ್ಕಂತೆ ಹಿಂದುಮುಂದಾಗಿ, ಇದರ ಸಂಸಾರದ ಕಾಲ. ಗಂಡು ಹೆಣ್ಣು ಎರಡೂ ಸೇರಿ ಬೊಡ್ಡೆಯಲ್ಲೋ ದಪ್ಪ ಕೊಂಬೆಯಲ್ಲೋ ಪೊಟರೆ ಕೊರೆಯುತ್ತವೆ. ಬಾಗಿಲು ಮೈ ತೂರುವಷ್ಟು ಮಾತ್ರ. ಮೊದಲು ಅಡ್ಡಕ್ಕೆ ಕೊರೆದು, ಆಮೇಲೆ ಕೆಳಮುಖವಾಗಿ ಕೋಣೆ ಮಾಡುತ್ತವೆ. ಹಾಸಿಗೆ ಹುಲ್ಲು ಏನೂ ಇಲ್ಲ. ಬರಿಯ ಮರದ ಮೇಲೆಯೇ ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆ ಅಚ್ಚ ಬಿಳಿ, ನುಣುಪು. ಕತ್ತಲೆಯ ಪೊಟರೆಯಲ್ಲಿ ಇಡುವ ಹಕ್ಕಿಗಳ ಮೊಟ್ಟೆಗಳು ಹೆಚ್ಚಾಗಿ ಬಿಳಿಯವೇ. ಬಣ್ಣದ ಮರೆ ಅವಕ್ಕೆ ಬೇಕಿಲ್ಲ.

ತಂದೆ ತಾಯಿ ಇಬ್ಬರೂ ಕಾವು ಕೊಡುತ್ತಾರೆ. ಸುಮಾರು ಹನ್ನೊಂದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆಮೇಲೆ ಸುಮಾರು ಇಪ್ಪತ್ತು ದಿನ ಇಬ್ಬರೂ ಮರಿಗಳಿಗೆ ಉಣಿಸುತ್ತಾರೆ. ಅಲ್ಲಿಗೆ ಮರಿಗಳು ಹೊರಬೀಳುತ್ತವೆ. ಹನ್ನೊಂದಕ್ಕೆ ಇಪ್ಪತ್ತು ಕೂಡಿಸಿದರೆ ಮೂವತ್ತೊಂದು, ಎಂದರೆ ಒಂದು ತಿಂಗಳು. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ, ಮುಂದೆ ಇದರಿಂದ ಉಪಯೋಗವುಂಟು.

ವಾಸಸ್ಥಾನ

ದಟ್ಟವಾದ ಕಾಡಿಗಿಂತ ತೆರಪಾದ ಕಾಡು, ಹೊಲದ ಅಂಚಿನ ಮರಗಳು, ತೋಪು, ತೆಂಗಿನ ತೋಟ, ಊರಿನ ಉದ್ಯಾನ, ರಸ್ತೆ ಬದಿಯ ಹಳೆಯ ಸಾಲುಮರ ಇವೇ ಹೊಂಬೆನ್ನಿನ ಮರಕುಟಿಗನಿಗೆ ಇಷ್ಟವಾದ ಜಾಗಗಳು. ಮುಂಬಯಿಯಲ್ಲಿ ಬೋರಿವಲಿಯ ರಾಷ್ಟ್ರೀಯ ಉದ್ಯಾನ, ಚೆನ್ನೈಯಲ್ಲಿ ಗಿಂಡಿ, ದೆಹಲಿಯಲ್ಲಿ ಲೋದಿ ಉದ್ಯಾನ, ಹೈದರಾಬಾದಿನಲ್ಲಿ ಕೆ.ಬಿ.ಆರ್. ಉದ್ಯಾನ, ಇಲ್ಲೆಲ್ಲ ಹುಡುಕಬಹುದು. ಅಷ್ಟು ದೂರ ಹೋಗಲಾಗದವರು ತಮ್ಮ ಓಣಿಯ ಹಳೆಯ ಮರವನ್ನು ನೋಡಿದರೂ ಸಾಕು.

ಇಷ್ಟು ಊರುಗಳಲ್ಲಿ ಬದುಕಬಲ್ಲ ಈ ಹಕ್ಕಿಗೆ ಒಂದು ಅನಿವಾರ್ಯವಾದ ಅಗತ್ಯವಿದೆ. ಅದು ಹಳೆಯ ಮರ. ಎಳೆಯ ಸಸಿಯಲ್ಲಿ ಪೊಟರೆ ಕೊರೆಯಲಾಗದು. ಬೊಡ್ಡೆ ದಪ್ಪವಾಗಬೇಕು, ಒಳಗಿನ ತಿರುಳು ಅಣಬೆಯ ಜಾತಿಯ ಸೂಕ್ಷ್ಮ ಜೀವಿಗಳಿಂದ ತುಸು ಮೆತ್ತಗಾಗಿರಬೇಕು. ಇದಕ್ಕೆ ಎಷ್ಟೋ ವರ್ಷಗಳು ಬೇಕು. ಮರಕುಟಿಗನೇ ಮರವನ್ನು ಕೊಲ್ಲುತ್ತದೆ ಎಂದು ದೂರುವವರಿದ್ದಾರೆ. ಅದು ಸರಿಯಲ್ಲ. ಹುಳು ಹಿಡಿದಲ್ಲಿ, ಕೊಳೆತಲ್ಲಿಯೇ ಅದು ಹೆಚ್ಚಾಗಿ ಕೊರೆಯುತ್ತದೆ. ರೋಗ ಮೊದಲು ಬಂತು, ವೈದ್ಯ ಆಮೇಲೆ ಬಂದ.

ಪಾಗಡಿ ಕೇಳದ ಮನೆಯೊಡೆಯ

ಮರಕುಟಿಗ ಕೊರೆದ ಮನೆ ಒಂದು ಸಂಸಾರಕ್ಕೇ ಮುಗಿಯುವುದಿಲ್ಲ. ಅದು ಬಿಟ್ಟುಹೋದ ಪೊಟರೆಗೆ ಗೊರವಂಕ ಬರುತ್ತದೆ, ಗಿಳಿ ಬರುತ್ತದೆ, ಮಡಿವಾಳ ಹಕ್ಕಿ ಬರುತ್ತದೆ, ಹಾಲಕ್ಕಿ ಎಂದು ನಾವು ಕರೆಯುವ ಚಿಕ್ಕ ಗೂಬೆಯೂ ಬರುತ್ತದೆ. ಅಳಿಲಿಗೂ ಅಲ್ಲಿ ಜಾಗ ಉಂಟು. ಇವುಗಳಲ್ಲಿ ಒಂದಕ್ಕೂ ಗಟ್ಟಿ ಮರವನ್ನು ಮರಕುಟಿಗನಂತೆ ಕೊರೆಯುವ ಶಕ್ತಿಯಿಲ್ಲ. ಸಿದ್ಧವಾದ ಪೊಟರೆ ಸಿಕ್ಕರೆ ಸಂಸಾರ, ಇಲ್ಲದಿದ್ದರೆ ಇಲ್ಲ. ಖೋಲಿ ಸಿಗದೆ ಊರಿಂದ ಹೆಂಡತಿ ಮಕ್ಕಳನ್ನು ಕರೆತರಲಾಗದೆ ವರ್ಷಗಟ್ಟಲೆ ಒಂಟಿಯಾಗಿ ದುಡಿದವರು ನಮ್ಮಲ್ಲಿ ಎಷ್ಟೋ ಮಂದಿ. ಈ ಸಂಕಟ ನಮಗೆ ಬೇರೆಯವರು ಹೇಳಿ ತಿಳಿಯಬೇಕಾದದ್ದಲ್ಲ. ಮರಕುಟಿಗ ಮಾತ್ರ ಮನೆ ಕಟ್ಟಿ, ಒಂದು ಋತು ಇದ್ದು, ಪಾಗಡಿ ಕೇಳದೆ ಬೇರೆಯವರಿಗೆ ಬಿಟ್ಟುಹೋಗುತ್ತದೆ.

ಚಿಕ್ಕ ಗೂಬೆ ಇಲಿ ಹುಳುಗಳನ್ನು ತಿನ್ನುತ್ತದೆ, ಗೊರವಂಕ ಕೀಟಗಳನ್ನು ತಿನ್ನುತ್ತದೆ. ಹೀಗೆ ಒಂದು ಒಣ ಕೊಂಬೆಯ ಲಾಭ ಓಣಿಗೆಲ್ಲ ಹಂಚಿಹೋಗುತ್ತದೆ.

ಒಣಮರದ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಗರಗಳಲ್ಲಿ ಮಳೆಗಾಲಕ್ಕೆ ಮುಂಚೆ ಮರಗಳ ಕೊಂಬೆ ಕಡಿಯುವುದು ಪದ್ಧತಿ. ಏಪ್ರಿಲ್, ಮೇ ತಿಂಗಳಲ್ಲಿ ಕೊಡಲಿ, ಗರಗಸಗಳು ಓಣಿಗೆ ಬರುತ್ತವೆ. ಮರಕುಟಿಗನ ಮೊಟ್ಟೆ ಮರಿಗಳು ಪೊಟರೆಯಲ್ಲಿರುವ ಕಾಲವೂ ಅದೇ. ಎಲ್ಲಕ್ಕಿಂತ ಮೊದಲು ಉರುಳುವುದು ಒಣ ಕೊಂಬೆ. ಮರಕುಟಿಗ ಆರಿಸಿಕೊಳ್ಳುವುದೂ ಹೆಚ್ಚಾಗಿ ಅದನ್ನೇ.

ಇಲ್ಲಿ ಎರಡೂ ಕಡೆಯ ನ್ಯಾಯವನ್ನು ನೋಡಬೇಕು. ಮುಂಬಯಿಯ ಮಳೆ ಗಾಳಿಯಲ್ಲಿ ಕೊಂಬೆ ಮುರಿದು ಬಿದ್ದು ಮನುಷ್ಯರು ಸತ್ತದ್ದುಂಟು. ಕಾಲುದಾರಿಯ ಮೇಲೆ, ಶಾಲೆಯ ಬಾಗಿಲಲ್ಲಿ, ಚಾಳಿನ ಛಾವಣಿಯ ಮೇಲೆ ಚಾಚಿದ ಒಣ ಕೊಂಬೆಯನ್ನು ಹಕ್ಕಿಗಾಗಿ ಬಿಡಿ ಎಂದು ನಾವು ಹೇಳುವುದಿಲ್ಲ. ಮನುಷ್ಯನ ಪ್ರಾಣ ದೊಡ್ಡದು. ಆದರೆ ಎಲ್ಲ ಒಣಮರವೂ ದಾರಿಯ ಮೇಲಿಲ್ಲ. ಕಂಪೌಂಡಿನ ಮೂಲೆಯಲ್ಲಿ, ಬಾವಿಯ ಹಿಂದೆ, ಯಾರೂ ಓಡಾಡದ ಕಡೆ ನಿಂತ ಬೊಡ್ಡೆಯನ್ನೂ ‘ಒಣಗಿದೆ, ಪ್ರಯೋಜನವಿಲ್ಲ’ ಎಂದು ಉರುಳಿಸುತ್ತಾರೆ. ಈ ‘ಪ್ರಯೋಜನವಿಲ್ಲ’ ಎಂಬ ಮಾತೇ ತಪ್ಪು ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಪಾಠವನ್ನು ಬರೆದಿದ್ದೇವೆ.

ನಮ್ಮಂಥ ಬಾಡಿಗೆದಾರರು ಏನು ಮಾಡಬಹುದು? ಮೂರು ಕೆಲಸಗಳುಂಟು.

ಒಂದು: ಕಡಿಯುವ ಮುಂಚೆ ನೋಡುವುದು. ಬೊಡ್ಡೆಯಲ್ಲಿ ದುಂಡನೆಯ ಹೊಸ ತೂತಿದೆಯೆ? ಬುಡದಲ್ಲಿ ಚಕ್ಕೆ ಬಿದ್ದಿದೆಯೆ? ಹಕ್ಕಿ ಮತ್ತೆ ಮತ್ತೆ ಒಳಹೊಕ್ಕು ಹೊರಡುತ್ತಿದೆಯೆ? ದೂರದಲ್ಲಿ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ.

ಎರಡು: ಗೂಡಿದ್ದರೆ, ಅಪಾಯವಿಲ್ಲದ ಕಡೆ, ಒಂದು ತಿಂಗಳು ತಡೆಯಿರೆಂದು ಸೊಸೈಟಿಯ ಕಾರ್ಯದರ್ಶಿಗೆ ವಿನಯದಿಂದ ಹೇಳುವುದು. ಮೇಲೆ ಕೂಡಿಸಿದ ಮೂವತ್ತೊಂದು ದಿನದ ಲೆಕ್ಕ ಇದಕ್ಕಾಗಿಯೇ. ಮೊಟ್ಟೆಯಿಟ್ಟ ದಿನ ನಮಗೆ ಗೊತ್ತಿರದಿದ್ದರೂ ತಿಂಗಳೊಂದು ತಡೆದರೆ ಸಾಮಾನ್ಯವಾಗಿ ಮರಿಗಳು ಹಾರಿಹೋಗುತ್ತವೆ. ವರ್ಷಗಟ್ಟಲೆ ನಿಂತ ಮರಕ್ಕೆ ಒಂದು ತಿಂಗಳು ಹೆಚ್ಚಲ್ಲ.

ಮೂರು: ಪೂರ್ತಿ ಉರುಳಿಸುವ ಬದಲು ಭಾರವಾದ ಕೊಂಬೆಗಳನ್ನು ತೆಗೆಸಿ ಬೊಡ್ಡೆಯನ್ನು ಉಳಿಸಲು ಸಾಧ್ಯವೆ ಎಂದು ಕೇಳುವುದು. ಬೇರು ಗಟ್ಟಿಯಿದ್ದರೆ ಗಿಡ್ಡಾದ ಬೊಡ್ಡೆಯಿಂದ ಅಪಾಯ ಕಡಿಮೆ, ಹಕ್ಕಿಗೆ ಉಪಯೋಗ ಹೆಚ್ಚು.

ಕಾನೂನಿನ ಮಾತನ್ನೂ ತಿಳಿದಿರಬೇಕು. ಮಹಾರಾಷ್ಟ್ರದ ನಗರಗಳಲ್ಲಿ 1975ರ ವೃಕ್ಷ ಸಂರಕ್ಷಣೆಯ ಕಾಯಿದೆಯಂತೆ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಕರ್ನಾಟಕದಲ್ಲಿ ಇಂಥದೇ ಕಾಯಿದೆ 1976ರಲ್ಲಿ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮರಕುಟಿಗವನ್ನು ಹಿಡಿಯುವುದು, ಕೊಲ್ಲುವುದು, ಅದರ ಮೊಟ್ಟೆ ಗೂಡುಗಳನ್ನು ಹಾಳು ಮಾಡುವುದು ಅಪರಾಧ. ಕಾನೂನು ಹೇಳಿ ಜಗಳವಾಡಿರೆಂದು ನಮ್ಮ ಸಲಹೆಯಲ್ಲ. ತಿಳಿದವನ ಮಾತಿಗೆ ತೂಕ ಹೆಚ್ಚು ಎಂಬುದಷ್ಟೆ.

ಒಂದು ಮರ ಕಡಿದ ಬದಲಿಗೆ ಹತ್ತು ಸಸಿ ನೆಟ್ಟೆವಲ್ಲ ಎಂದು ಕೆಲವರು ಸಮಾಧಾನ ಪಡುತ್ತಾರೆ. ಸಸಿ ನೆಡುವುದು ಪುಣ್ಯದ ಕೆಲಸವೇ. ಆದರೆ ಆ ಸಸಿ ಬೆಳೆದು, ಬಲಿತು, ಒಂದು ಕೊಂಬೆ ಒಣಗಿ, ಮರಕುಟಿಗ ಅದನ್ನು ಒಪ್ಪುವ ಹೊತ್ತಿಗೆ ಇಂದು ಅದನ್ನು ನೆಟ್ಟವರ ಮಕ್ಕಳು ದೊಡ್ಡವರಾಗಿರುತ್ತಾರೆ. ಅಷ್ಟರವರೆಗೆ ಹಕ್ಕಿ ಎಲ್ಲಿ ಕಾಯಬೇಕು? ಆದ್ದರಿಂದ ಹೊಸದನ್ನೂ ನೆಡಬೇಕು, ಹಳೆಯದನ್ನೂ ಉಳಿಸಬೇಕು.

ಅಭ್ಯಾಸ

ವಾಚಕರು ಬರುವ ರಜಾದಿನಗಳಲ್ಲಿ ಈ ಪ್ರಶ್ನೆಗಳಿಗೆ ಪುಸ್ತಕದಿಂದಲ್ಲ, ಕಣ್ಣಾರೆ ನೋಡಿ ಉತ್ತರ ಕಂಡುಕೊಳ್ಳಬೇಕು.

1. ನೀವು ಕಂಡ ಮರಕುಟಿಗ ಗಂಡೋ ಹೆಣ್ಣೋ? ಯಾವ ಗುರುತಿನಿಂದ ತಿಳಿದಿರಿ?
2. ಅದರ ಕುತ್ತಿಗೆ ಮತ್ತು ನಡುವಿನ ಹಿಂಭಾಗ ಯಾವ ಬಣ್ಣ?
3. ನೀವು ಕೇಳಿದ ಬಡಿತ ಮೂರರಲ್ಲಿ ಯಾವುದು?
4. ಮರದಿಂದ ಇಳಿಯುವಾಗ ತಲೆ ಯಾವ ಕಡೆಗಿತ್ತು?
5. ನಿಮ್ಮ ಓಣಿಯಲ್ಲಿ ಪೊಟರೆಯುಳ್ಳ ಮರಗಳು ಎಷ್ಟು? ಅವುಗಳಲ್ಲಿ ಈಗ ಯಾರು ವಾಸವಾಗಿದ್ದಾರೆ?

ಐದನೆಯ ಪ್ರಶ್ನೆಯ ಉತ್ತರವನ್ನು ಮರದ ಹೆಸರು, ಓಣಿಯ ಹೆಸರು, ನೋಡಿದ ದಿನ ಇವುಗಳೊಡನೆ ಒಂದು ಚೀಟಿಯಲ್ಲಿ ಬರೆದು ನಮ್ಮ ವಾಚನಾಲಯದ ಮೇಜಿನ ಮೇಲೆ ಇಟ್ಟರೆ, ಎಲ್ಲವನ್ನೂ ಒಂದು ವಹಿಯಲ್ಲಿ ಸೇರಿಸಿಡುತ್ತೇವೆ. ಮುಂದಿನ ಏಪ್ರಿಲ್ ತಿಂಗಳಲ್ಲಿ ಗರಗಸಗಳು ಹೊರಡುವ ಮುಂಚೆ ಆ ವಹಿ ನಮ್ಮ ಕೈಯಲ್ಲಿದ್ದರೆ, ಯಾವ ಮರದ ಬಗ್ಗೆ ಯಾರ ಹತ್ತಿರ ಮಾತನಾಡಬೇಕು ಎಂಬುದು ನಮಗೆ ಗೊತ್ತಿರುತ್ತದೆ.